ಒಂದು ಬೇಸಿಗೆಗೆ ಕರಾವಳಿಯಲ್ಲಿ ಮನೆ: ಕಡಲಿಗಿಂತ ಮೊದಲು ಬಾವಿ ನೋಡಿ

ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಒಂದೇ ಪ್ರಶ್ನೆ ನಾನಾ ಬಾಯಿಗಳಿಂದ ಬರತೊಡಗುತ್ತದೆ: "ಈ ಬೇಸಿಗೆ ಮೂರು ತಿಂಗಳು ಕರಾವಳಿಯಲ್ಲಿ ಇರಬೇಕೆಂದಿದ್ದೇವೆ, ಕಡಿಮೆ ಖರ್ಚಿನಲ್ಲಿ ಯಾವ ಊರು ಒಳ್ಳೆಯದು?" ಕೇಳುವವರು ನಿವೃತ್ತ ದಂಪತಿಗಳು, ಮನೆಯಿಂದಲೇ ಕೆಲಸ ಮಾಡುವವರು, ಮಕ್ಕಳ ರಜೆಗೆ ಊರು ಬಿಡಬೇಕೆನ್ನುವವರು. ಎಲ್ಲರಿಗೂ ಊರಿನ ಹೆಸರೊಂದು ಬೇಕು. ನಾನು ಹೆಸರು ಹೇಳುವ ಮೊದಲು ಬಾವಿಯ ಮಾತು ತೆಗೆಯುತ್ತೇನೆ, ಅವರಿಗೆ ಬೇಸರವಾಗುತ್ತದೆ. ಆದರೆ ಕರಾವಳಿಯ ಬೇಸಿಗೆಯಲ್ಲಿ ನಿಮ್ಮ ಜೇಬನ್ನೂ ನೆಮ್ಮದಿಯನ್ನೂ ತೀರ್ಮಾನಿಸುವುದು ಬಾಡಿಗೆಯಲ್ಲ, ನೀರು ಮತ್ತು ಸೆಕೆ. ಈ ಲೇಖನ ಮಂಗಳೂರಿನಿಂದ ಕಾರವಾರದವರೆಗಿನ ನಮ್ಮ ಕರಾವಳಿಗೆ, ಎರಡು ಮೂರು ತಿಂಗಳು ಉಳಿಯುವವರಿಗೆ ಬರೆದದ್ದು. ನಾಲ್ಕು ದಿನದ ಪ್ರವಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ.

ಮೊದಲು ಕೈಯಲ್ಲಿರಬೇಕಾದದ್ದು

ಒಂದು ನೋಟ್‌ಬುಕ್, ಆಧಾರ್ ಪ್ರತಿ, ಮನೆ ನೋಡಲು ಬಿಡುವಾದ ಮೂರು ದಿನ, ಮತ್ತು ಟಿಡಿಎಸ್ ಮೀಟರ್. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ. ಅದನ್ನು ಅಳೆಯುವ, ಪೆನ್ನಿನಷ್ಟು ಉದ್ದದ ಸಾಧನ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಹಂತ 1: ತಿಂಗಳು ನಿಶ್ಚಯಿಸಿ

"ಬೇಸಿಗೆ" ಎಂದಾಗ ಹೆಚ್ಚಿನವರ ಮನಸ್ಸಿನಲ್ಲಿರುವುದು ಏಪ್ರಿಲ್ ಮತ್ತು ಮೇ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಫೆಬ್ರವರಿ ನಡುವಿನಲ್ಲಿ ಬಂದು ಏಪ್ರಿಲ್ ಕೊನೆಗೆ ಹೊರಡಿ. ಮಕ್ಕಳ ಶಾಲೆಯ ಕಾರಣಕ್ಕೆ ಅದು ಆಗದವರು ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಎಂದು ಲೆಕ್ಕ ಹಾಕಿಕೊಳ್ಳಿ. ಜೂನ್ ಬೇಡ. ಮುಂಗಾರು ಹಿಡಿದ ಮೇಲೆ ಹೊಸಬರಿಗೆ ಕರಾವಳಿ ಬೇರೆಯೇ ಊರು. ಒಣಗದ ಬಟ್ಟೆ, ಗೋಡೆಗೆ ಬೂಷ್ಟು, ಹೋದರೆ ಬರಲು ಸತಾಯಿಸುವ ಕರೆಂಟು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ ಮೀನಿನ ದರವೂ ಏರುತ್ತದೆ.

ಏಪ್ರಿಲ್, ಮೇಯಲ್ಲಿ ತಾಪಮಾನ 33ರಿಂದ 36 ಡಿಗ್ರಿಯ ಆಸುಪಾಸು. ಕಲಬುರಗಿಯವರು ಈ ಅಂಕಿ ನೋಡಿ ನಕ್ಕಾರು. ಆದರೆ ಇಲ್ಲಿ ಸುಡುವುದು ಬಿಸಿಲಲ್ಲ, ಬೇಯಿಸುವುದು ಸೆಕೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ರಾತ್ರಿಯೂ 26 ಡಿಗ್ರಿಗಿಂತ ಕೆಳಗಿಳಿಯಲು ಹಿಂದೆಮುಂದೆ ನೋಡುತ್ತದೆ. ರಕ್ತದೊತ್ತಡ, ಉಬ್ಬಸ ಇರುವ ಹಿರಿಯರನ್ನು ಕರೆತರುವವರು ಮೇ ತಿಂಗಳನ್ನು ಬಿಟ್ಟುಬಿಡುವುದೇ ಮೇಲು.

ಹಂತ 2: ಖರ್ಚನ್ನು ತಿಂಗಳ ಲೆಕ್ಕಕ್ಕೆ ತನ್ನಿ

ಅಗ್ಗದ ಬಾಡಿಗೆಗೆ ಮರುಳಾಗಿ ಕೈಸುಟ್ಟುಕೊಳ್ಳುವವರೇ ಹೆಚ್ಚು. ಒಂದು ಊಹೆಯ ಲೆಕ್ಕ ನೋಡಿ. ಖಾಲಿ ಮನೆಯ ಬಾಡಿಗೆ ತಿಂಗಳಿಗೆ 7,000 ರೂಪಾಯಿ ಎಂದಿಟ್ಟುಕೊಳ್ಳಿ. ಅದಕ್ಕೆ ಹಾಸಿಗೆ, ಒಲೆ, ಫ್ಯಾನು, ಪಾತ್ರೆ, ಸಾಗಣೆ ಎಂದು ಒಂದೇ ಸಲದ ಖರ್ಚು 24,000. ಮೂರು ತಿಂಗಳಿಗೆ ಹಂಚಿದರೆ ತಿಂಗಳಿಗೆ 8,000 ಸೇರಿ ಆ ಮನೆ ನಿಜಕ್ಕೂ 15,000ದ ಮನೆ. ಪಕ್ಕದ ಬೀದಿಯಲ್ಲಿ ಮಂಚ, ಫ್ರಿಜ್ ಎಲ್ಲ ಇರುವ ಮನೆ 12,000ಕ್ಕೆ ಸಿಕ್ಕರೆ ಅದೇ ಅಗ್ಗ. ವರ್ಷಗಟ್ಟಲೆ ಇರುವವರಿಗೆ ಖಾಲಿ ಮನೆ, ಒಂದು ಬೇಸಿಗೆಗೆ ಸಾಮಾನಿರುವ ಮನೆ.

ಅಡುಗೆ ಅನಿಲಕ್ಕೆ ಹೊಸ ಸಂಪರ್ಕ ಪಡೆಯಲು ಓಡಾಡಬೇಡಿ. ವಿಳಾಸದ ದಾಖಲೆ ಇಲ್ಲದೆಯೇ ಸಿಗುವ 5 ಕಿಲೋದ ಸಣ್ಣ ಸಿಲಿಂಡರ್ ಇದೆ, ಇಂಡೇನ್‌ನವರು ಅದನ್ನು "ಛೋಟು" ಎಂದು ಕರೆಯುತ್ತಾರೆ. ಅದರ ಜೊತೆಗೆ ಒಂದು ಇಂಡಕ್ಷನ್ ಒಲೆ ತಂದರೆ ಇಬ್ಬರ ಅಡುಗೆ ಸಾಗುತ್ತದೆ.

ಓಡಾಟದ ಖರ್ಚಿನಲ್ಲಿ ಒಂದು ಸೂಕ್ಷ್ಮವಿದೆ, ಹೊರಗಿನವರಿಗೆ ಇದು ಹೊಳೆಯುವುದಿಲ್ಲ. ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. ಉತ್ತರ ಕನ್ನಡದಲ್ಲಿ ಸರ್ಕಾರಿ ಬಸ್ಸುಗಳದ್ದೇ ಓಡಾಟವಾದ್ದರಿಂದ ಇದು ದಿನನಿತ್ಯ ಉಪಯೋಗಕ್ಕೆ ಬರುತ್ತದೆ. ಉಡುಪಿ ಮತ್ತು ದಕ್ಷಿಣ ಕನ್ನಡದಲ್ಲಿ ಊರೊಳಗೆ ಓಡುವುದು ಬಹುಪಾಲು ಖಾಸಗಿ ಬಸ್ಸು. ಅವು ನಿಮಿಷಕ್ಕೊಂದರಂತೆ ಬರುತ್ತವೆ, ಆದರೆ ಟಿಕೆಟ್ ಎಲ್ಲರಿಗೂ ಉಂಟು.

ಹಂತ 3: ಊರಲ್ಲ, ಪಟ್ಟಿ ಆರಿಸಿ

ನಮ್ಮ ಕರಾವಳಿ ಮುನ್ನೂರು ಕಿಲೋಮೀಟರಿಗೂ ಉದ್ದ. ಅದರ ಒಂದೊಂದು ಪಟ್ಟಿಗೆ, ಅಂದರೆ ಅಕ್ಕಪಕ್ಕದ ಕೆಲವು ಊರುಗಳ ಸೀಮೆಗೆ, ಒಂದೊಂದು ಗುಣ.

ಮಂಗಳೂರು, ಸುರತ್ಕಲ್ ಸುತ್ತ ಎಲ್ಲ ಸೌಕರ್ಯವಿದೆ, ಅಗ್ಗದ ಮಾತು ಕಡಿಮೆ. ನಗರ ಬಿಟ್ಟು ನಗರಕ್ಕೇ ಬಂದಂತಾಗುತ್ತದೆ.

ಮೂಲ್ಕಿ, ಪಡುಬಿದ್ರಿ, ಕಾಪು ಪಟ್ಟಿ ಹಿರಿಯರಿರುವ ಮನೆಗೆ ನನ್ನ ಮೊದಲ ಸೂಚನೆ. ಹೆದ್ದಾರಿಯ ಪಕ್ಕದಲ್ಲೇ ಊರು, ಅತ್ತ ಮಂಗಳೂರು, ಇತ್ತ ಉಡುಪಿ ಮತ್ತು ಮಣಿಪಾಲದ ಆಸ್ಪತ್ರೆಗಳು. ಮುಂಬೈಗೆ ಹೋದವರ ಬೀಗ ಹಾಕಿದ ಮನೆಗಳು ಇಲ್ಲಿ ಬಹಳ. ಆ ಬೀಗದ ಕಥೆಯನ್ನು ಮುಂದೆ ಹೇಳುತ್ತೇನೆ.

ಬಾರಕೂರಿನಿಂದ ಬೈಂದೂರಿನವರೆಗಿನ ಕುಂದಾಪುರ ಸೀಮೆ ಒಂದು ಬೇಸಿಗೆಯ ವಾಸಕ್ಕೆ ನನ್ನ ದೃಷ್ಟಿಯಲ್ಲಿ ಅತ್ಯಂತ ಹದವಾದದ್ದು. ಪೇಟೆ ಚಿಕ್ಕದು, ಮಣಿಪಾಲಕ್ಕೆ ಕುಂದಾಪುರದಿಂದ ಒಂದು ಗಂಟೆಯೊಳಗಿನ ದಾರಿ, ಶನಿವಾರದ ಸಂತೆಯಲ್ಲಿ ವಾರದ ತರಕಾರಿ ಮುಗಿಯುತ್ತದೆ. ನಾನು ಆ ಕಡೆಯವನು, ಆದ್ದರಿಂದ ಈ ಮಾತಿನಲ್ಲಿ ಸ್ವಲ್ಪ ರಿಯಾಯಿತಿ ಕಳೆದು ಓದಿಕೊಳ್ಳಿ. ತುಳು ಬಾರದವರಿಗೆ ಒಂದು ಅನುಕೂಲವೂ ಇದೆ: ಇಲ್ಲಿ ಮನೆಮಾತೇ ಕನ್ನಡ. ಕುಂದಾಪ್ರ ಕನ್ನಡ ಮೊದಲ ವಾರ ಅರ್ಥವಾಗದಿದ್ದರೆ ಗಾಬರಿ ಬೇಡ.

ಮುರುಡೇಶ್ವರ ದೇವಸ್ಥಾನದ ಸುತ್ತಮುತ್ತ ಮೇ ತಿಂಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿಂದ ಉತ್ತರಕ್ಕೆ ಮಂಕಿ, ಹೊನ್ನಾವರದ ಕಡೆ ಸರಿದರೆ ಗದ್ದಲ ತಗ್ಗುತ್ತದೆ. ಹೊನ್ನಾವರದ ಪಕ್ಕದ ಕಾಸರಕೋಡಿನ ಕಡಲತೀರ 2020ರಲ್ಲಿ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದದ್ದು. ತೀರದ ಶುಚಿ ಮತ್ತು ಸುರಕ್ಷತೆಗೆ ಕೊಡುವ ಅಂತರರಾಷ್ಟ್ರೀಯ ಗುರುತು ಅದು.

ಕುಮಟಾ, ಗೋಕರ್ಣ, ಅಂಕೋಲಾ ಚೆಲುವಾದ ಪಟ್ಟಿ. ಗೋಕರ್ಣದ ಕುಡ್ಲೆ, ಓಂ ತೀರಗಳ ವಿದೇಶಿ ಅತಿಥಿಗಳು ಮಾರ್ಚ್ ಹೊತ್ತಿಗೆ ತೆರಳುತ್ತಾರೆ. ಆಗ ತಿಂಗಳ ಲೆಕ್ಕದಲ್ಲಿ ಕೋಣೆ ಕೇಳಿದರೆ ಮಾತುಕತೆಗೆ ಜಾಗವಿರುತ್ತದೆ. ಆದರೆ ವಾರಾಂತ್ಯದ ಬೆಂಗಳೂರು ಅಲ್ಲಿಗೂ ಬಂದೇ ಬರುತ್ತದೆ. ಅಂಕೋಲೆಯಲ್ಲಿದ್ದರೆ ಮೇ ತಿಂಗಳಲ್ಲಿ ಕರಿ ಇಶಾಡು ಮಾವು ತಿನ್ನಬಹುದು, ಅದೂ ಒಂದು ಲೆಕ್ಕವೇ.

ಕಾರವಾರ ಗುಡ್ಡ ಮತ್ತು ಕಡಲು ಮುಖಾಮುಖಿಯಾಗುವ ಊರು. ಭಾನುವಾರದ ಸಂತೆ ದೊಡ್ಡದು, ಗೋವಾ ಪಕ್ಕದಲ್ಲೇ.

ಒಂದು ಎಚ್ಚರಿಕೆ: ಉತ್ತರ ಕನ್ನಡದಲ್ಲಿ ತಾಲ್ಲೂಕು ಆಸ್ಪತ್ರೆಗಳಿದ್ದರೂ ಹೃದಯ, ಮೆದುಳಿನ ತುರ್ತಿಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ ದಾರಿಯೇ ಗತಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಆ ಜಿಲ್ಲೆಯ ಜನ ವರ್ಷಗಳಿಂದ ಕೂಗುತ್ತಿದ್ದಾರೆ. ಕುಮಟಾದಿಂದ ಮಣಿಪಾಲಕ್ಕೆ ರಸ್ತೆಯಲ್ಲಿ ಎರಡೂವರೆ ಗಂಟೆಯಾದರೂ ಬೇಕು. ಮನೆಯಲ್ಲಿ ಹೃದ್ರೋಗಿಗಳಿದ್ದರೆ ಚೆಲುವನ್ನು ಬದಿಗಿಟ್ಟು ದಕ್ಷಿಣದ ಪಟ್ಟಿಗಳನ್ನೇ ನೋಡಿ.

ಹಂತ 4: ನೀರು

ಇಲ್ಲಿ ನಿಧಾನವಾಗಿ ಓದಿ.

ಮಳೆಗಾಲದಲ್ಲಿ ಮೂರು ಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಗೆ ಏಪ್ರಿಲ್‌ನಲ್ಲಿ ನೀರಿಲ್ಲ ಎಂದರೆ ಘಟ್ಟದ ಮೇಲಿನವರು ನಂಬುವುದಿಲ್ಲ. ಸುರಿದದ್ದು ಇಳಿಜಾರಿನಲ್ಲಿ ಹರಿದು ಕಡಲು ಸೇರಿಬಿಡುತ್ತದೆ. ಉಳಿದದ್ದು ಮುರಕಲ್ಲಿನ, ಅಂದರೆ ರಂಧ್ರಗಳಿರುವ ಕೆಂಪುಕಲ್ಲಿನ ನೆಲದಿಂದ ಬೇಗ ಬಸಿದುಹೋಗುತ್ತದೆ. ನಗರಗಳಿಗೂ ಈ ಕಷ್ಟ ತಪ್ಪಿದ್ದಲ್ಲ. 2019ರ ಬೇಸಿಗೆಯಲ್ಲಿ ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬರಿದಾಗಿತ್ತು, ಮಂಗಳೂರಿಗೆ ನೀರುಣಿಸುವ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ಮಟ್ಟ ಕುಸಿದು ನೀರನ್ನು ಸರದಿಯಂತೆ ಬಿಡಬೇಕಾಯಿತು.

ಆದ್ದರಿಂದ ಮನೆಯ ಜಾಗವನ್ನು ನೀರಿನ ಕಣ್ಣಿನಿಂದ ನೋಡಿ.

ಕೋಡಿ, ಅಂದರೆ ನದಿಗೂ ಕಡಲಿಗೂ ನಡುವಿನ ಮರಳಿನ ನಾಲಗೆ, ಚಿತ್ರದಲ್ಲಿ ಸ್ವರ್ಗ. ಕೋಡಿಬೆಂಗ್ರೆಯಂಥ ಕಡೆ ಎರಡೂ ಬದಿ ನೀರು ಹೊಳೆಯುತ್ತದೆ. ಆದರೆ ಮರಳಿನಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ತೆಳು ಪದರ. ಪಂಪು ಹಾಕಿ ಎಳೆದಷ್ಟೂ ಕೆಳಗಿನ ಉಪ್ಪು ಮೇಲೇರುತ್ತದೆ. ಅಲ್ಲಿ ಮನೆ ಹಿಡಿಯುವುದಾದರೆ ಕುಡಿಯುವ ನೀರಿಗೆ ನಳ್ಳಿಯ ಸಂಪರ್ಕ ಇದೆಯೇ ಎಂದು ಕೇಳದೆ ಮುಂಗಡ ಕೊಡಬೇಡಿ.

ನದಿಯ ದಂಡೆಯಲ್ಲಿ ಇನ್ನೊಂದು ಬಗೆ. ಬೇಸಿಗೆಯಲ್ಲಿ ನದಿಯ ಹರಿವು ತಗ್ಗಿದಾಗ ಭರತದ, ಅಂದರೆ ಕಡಲು ಉಬ್ಬುವ, ಹೊತ್ತಿಗೆ ಉಪ್ಪುನೀರು ಅಳಿವೆಯಿಂದ ಒಳನುಗ್ಗುತ್ತದೆ, ದಂಡೆಯ ಬಾವಿಗಳು ಉಪ್ಪಾಗುತ್ತವೆ. ಇದನ್ನು ತಡೆಯಲು ಅಲ್ಲಲ್ಲಿ ಕಿಂಡಿ ಅಣೆಕಟ್ಟುಗಳಿವೆ. ಮಳೆ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ಸಿಹಿನೀರನ್ನು ಹಿಡಿದಿಡುವ ಚಿಕ್ಕ ಅಣೆಗಳು ಇವು. ಅಣೆಯ ಮೇಲ್ಭಾಗದ ಬಾವಿ ಸಿಹಿ, ಕೆಳಭಾಗದ್ದು ಉಪ್ಪು ಎನ್ನುವಷ್ಟು ವ್ಯತ್ಯಾಸ ಒಂದೇ ಊರಿನಲ್ಲಿ ಕಾಣಬಹುದು. "ಹತ್ತಿರದಲ್ಲಿ ಕಿಂಡಿ ಅಣೆಕಟ್ಟು ಎಲ್ಲಿದೆ, ಈ ವರ್ಷ ಹಲಗೆ ಹಾಕಿದ್ದಾರೆಯೇ?" ಎಂದು ಕೇಳಿ. ಕೇಳಿದ ಕೂಡಲೇ ನಿಮ್ಮನ್ನು ನೋಡುವ ನೋಟವೂ ಬದಲಾಗುತ್ತದೆ, ಬಾಡಿಗೆಯೂ ಸ್ವಲ್ಪ ಇಳಿದೀತು.

ಗುಡ್ಡದ ಮೇಲಿನ ಹೊಸ ಬಡಾವಣೆಗಳಲ್ಲಿ ಗಾಳಿ ಚೆನ್ನ, ಬಾವಿ ಆಳ. ಮಾರ್ಚ್ ಮುಗಿಯುವುದರೊಳಗೆ ಟ್ಯಾಂಕರ್ ಶುರು. ನನ್ನ ಆಯ್ಕೆ ಕಡಲಿನಿಂದ ಮೂರು ನಾಲ್ಕು ಕಿಲೋಮೀಟರ್ ಒಳಗೆ, ಬೈಲಿನ ಅಂಚಿನ ಮನೆ. ಬೈಲು ಎಂದರೆ ಗದ್ದೆ, ತೋಟಗಳಿರುವ ತಗ್ಗು ಪ್ರದೇಶ. ಅಲ್ಲಿನ ಬಾವಿ ಕೊನೆಗೆ ಬತ್ತುತ್ತದೆ, ಬಾಡಿಗೆಯೂ ಕಡಲ ನೋಟದ ಮನೆಗಿಂತ ಕಡಿಮೆ. ಸಂಜೆ ಕಡಲಿಗೆ ಬಸ್ಸಿನಲ್ಲಿ ಹೋಗಬಹುದು, ಸ್ನಾನದ ನೀರಿಗೆ ಬಸ್ಸಿನಲ್ಲಿ ಹೋಗಲಾಗದು.

ಪರೀಕ್ಷೆ ಹೀಗೆ ಮಾಡಿ. ಬಾವಿಗೆ ಇಣುಕಿ ಈಗ ಎಷ್ಟು ನೀರಿದೆ ಎಂದು ನೋಡಿ, ಗೋಡೆಯ ಮೇಲಿನ ಹಳೆಯ ಗುರುತುಗಳನ್ನು ಗಮನಿಸಿ. ಒಂದು ಗುಟುಕು ಕುಡಿದು ನೋಡಿ. ಸೋಪು ಹಚ್ಚಿ ಕೈ ತೊಳೆಯಿರಿ, ನೊರೆ ಬರಲು ಹಟಮಾಡಿದರೆ ಅನುಮಾನ ಪಡಿ. ಬಳಿಕ ಟಿಡಿಎಸ್ ಅಳೆಯಿರಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಗತಿಯೇ ಇಲ್ಲದಿದ್ದರೆ ಮಾತ್ರ 2,000ದವರೆಗೆ ಒಪ್ಪಿಕೊಳ್ಳಬಹುದು. ಮೀಟರ್ ರೋಗಾಣುವನ್ನು ತೋರಿಸುವುದಿಲ್ಲ, ಕುದಿಸಿಯೇ ಕುಡಿಯಿರಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಜನವರಿಯಲ್ಲಿ ಬಾವಿ ನೋಡಿ ಮೇ ತಿಂಗಳಿಗೆ ಒಪ್ಪಿಕೊಳ್ಳುವುದು. ಜನವರಿಯಲ್ಲಿ ಎಲ್ಲ ಬಾವಿಯೂ ಒಳ್ಳೆಯದೇ. "ನೀರಿಗೆ ತೊಂದರೆ ಇಲ್ಲವಲ್ಲ?" ಎಂದು ಕೇಳಿದರೆ "ಇಲ್ಲ ಇಲ್ಲ" ಎನ್ನುವುದು ಮನೆಯೊಡೆಯರ ಬಾಯಿಪಾಠ. "ಹೋದ ವರ್ಷ ಮೇ ತಿಂಗಳಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ?" ಎಂದು ಕೇಳಿ. ಇದೇ ಪ್ರಶ್ನೆಯನ್ನು ಪಕ್ಕದ ಮನೆಯವರಿಗೂ ಕೇಳಿ. ಎರಡು ಉತ್ತರ ಕೂಡಿಬಂದರೆ ಮುಂದಿನ ಹಂತ.

ಹಂತ 5: ಮನೆಯ ಮೈಮಾಟ

ತಾರಸಿ ಮನೆಯ ಮೇಲಂತಸ್ತು ಹಗಲೆಲ್ಲ ಕಾದು ರಾತ್ರಿ ಆ ಬಿಸಿಯನ್ನು ನಿಮ್ಮ ಮೇಲೆ ಬಿಡುತ್ತದೆ. ಅಗ್ಗಕ್ಕೆ ಸಿಗುವುದೂ ಅದೇ, ಕಾರಣವೂ ಅದೇ. ಹಂಚಿನ ಮನೆಗೆ ಮುಚ್ಚಿಗೆ, ಅಂದರೆ ಹಂಚಿನ ಕೆಳಗೆ ಮರದ ಒಳಚಾವಣಿ, ಇದ್ದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಬಹುದು. ತಾರಸಿಯೇ ಆದರೆ ನೆಲ ಅಂತಸ್ತು ಕೇಳಿ. ಪಶ್ಚಿಮದ ಕಿಟಕಿ ಮುಖ್ಯ. ಮಧ್ಯಾಹ್ನದ ಮೇಲೆ ಕಡಲಗಾಳಿ ಬರುವುದು ಆ ದಿಕ್ಕಿನಿಂದ. ಎದುರಿಗೆ ಇನ್ನೊಂದು ಕಿಟಕಿ ಇಲ್ಲದಿದ್ದರೆ ಗಾಳಿ ಬಾಗಿಲಿಗೆ ಬಂದು ಹಿಂದಿರುಗುತ್ತದೆ.

ಉತ್ತರ ಕರ್ನಾಟಕದಿಂದ ಬರುವವರಿಗೆ ಒಂದು ಮಾತು: ಏರ್ ಕೂಲರ್ ತರಬೇಡಿ. ಅದು ನೀರನ್ನು ಆವಿಮಾಡಿ ಗಾಳಿ ತಂಪಾಗಿಸುವ ಯಂತ್ರ. ಈಗಾಗಲೇ ತೇವ ತುಂಬಿದ ಗಾಳಿಯಲ್ಲಿ ಅದು ಸೆಕೆಯನ್ನೇ ಹೆಚ್ಚಿಸುತ್ತದೆ. ಎಸಿ ಇರುವ ಕೋಣೆ ಸಿಕ್ಕರೆ ಲೆಕ್ಕ ಹೀಗಿದೆ: ಒಂದೂವರೆ ಟನ್ನಿನ ಎಸಿ ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ ಎಂದಿಟ್ಟುಕೊಂಡರೆ, ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 240 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 1,440. ಇದನ್ನು ಬಾಡಿಗೆಗೆ ಸೇರಿಸಿಯೇ ಹೋಲಿಸಿ.

ಮೀನು ಒಣಗಿಸುವ ಬಯಲು, ಮೀನಿನ ಹಿಟ್ಟಿನ ಕಾರ್ಖಾನೆ ಎಲ್ಲಿವೆ ಎಂದೂ ತಿಳಿದುಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ನೋಡಿದ ಮನೆಯ ವಾಸನೆಯೇ ಬೇರೆ, ಸಂಜೆ ಗಾಳಿ ತಿರುಗಿದ ಮೇಲಿನದೇ ಬೇರೆ. ಮನೆಯನ್ನು ಎರಡು ಹೊತ್ತಿನಲ್ಲಿ ನೋಡಿ, ಆಗಲೇ ಮೊಬೈಲ್ ಸಿಗ್ನಲನ್ನೂ ಪರೀಕ್ಷಿಸಿ. ದಪ್ಪ ಮುರಕಲ್ಲಿನ ಗೋಡೆಯೊಳಗೆ ಸಿಗ್ನಲ್ ಸಾಯುತ್ತದೆ, ಜಗುಲಿಯಲ್ಲಿ ಬದುಕುತ್ತದೆ. ಕಾಡಿನಂಚಿನ ಮನೆ ಅಗ್ಗವೆಂದು ಉತ್ತರ ಕನ್ನಡದ ಒಳನಾಡಿಗೆ ಸರಿಯುವವರು ಆ ಊರಿನಲ್ಲಿ ಮಂಗನಕಾಯಿಲೆ ಇದೆಯೇ ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಉಣುಗುಗಳಿಂದ ಹರಡುವ ಈ ಜ್ವರದ ಕಾಲವೂ ಬೇಸಿಗೆಯೇ.

ಹಂತ 6: ಮನೆ ಹುಡುಕುವುದು

ಅಂತರ್ಜಾಲದಲ್ಲಿ ಕಾಣುವುದು ಪ್ರವಾಸಿಗರ ದರ. ಊರಿನ ದರ ಊರಿನ ಬಾಯಲ್ಲಿದೆ. ಮೂರು ದಿನ ಒಂದು ಸಾದಾ ವಸತಿಗೃಹದಲ್ಲಿ ಉಳಿದು ಕಿರಾಣಿ ಅಂಗಡಿಯವರು, ರಿಕ್ಷಾ ನಿಲ್ದಾಣದವರು, ಹಾಲಿನ ಡೈರಿಯವರನ್ನು ಕೇಳಿ. ಇವರೆಲ್ಲರಿಗಿಂತ ಹೆಚ್ಚು ಗೊತ್ತಿರುವವರು ಪಿಗ್ಮಿ ಸಂಗ್ರಾಹಕರು. ಮನೆಮನೆಗೆ ಹೋಗಿ ದಿನದ ಸಣ್ಣ ಉಳಿತಾಯ ಸಂಗ್ರಹಿಸುವ ಈ ಪದ್ಧತಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕಿನಿಂದ 1928ರಲ್ಲಿ ಆರಂಭವಾದದ್ದು. ಇಂದಿಗೂ ಸಹಕಾರಿ ಸಂಘಗಳ ಸಂಗ್ರಾಹಕರಿಗೆ ಯಾವ ಮನೆಗೆ ಬೀಗ ಬಿದ್ದಿದೆ, ಕೀಲಿ ಯಾರ ಬಳಿ ಇದೆ ಎಂಬುದು ಕಂಠಪಾಠ.

ಈಗ ಬೀಗದ ಕಥೆ. ಮುಂಬೈ, ದುಬೈಗಳಲ್ಲಿರುವ ಮಾಲೀಕರು ವರ್ಷವಿಡೀ ಮನೆ ಮುಚ್ಚಿಟ್ಟು ಊರಿಗೆ ಬರುವುದೇ ಏಪ್ರಿಲ್, ಮೇಯಲ್ಲಿ. ಮದುವೆ, ನೇಮ, ನಾಗನ ಪೂಜೆ ಎಲ್ಲ ಆಗಲೇ. ಕೀಲಿ ಹಿಡಿದ ಸಂಬಂಧಿಕರು ಫೆಬ್ರವರಿಯಲ್ಲಿ ಮನೆ ಕೊಟ್ಟುಬಿಡುತ್ತಾರೆ, ಮೇ ಮೊದಲ ವಾರ "ಅಣ್ಣನವರು ಬರುತ್ತಾರಂತೆ, ಹತ್ತು ದಿನ ಎರಡು ಕೋಣೆ ಬಿಟ್ಟುಕೊಡಿ" ಎನ್ನುತ್ತಾರೆ. ನೀವು ಅಡುಗೆಮನೆ ಪಕ್ಕದ ಕೋಣೆಯಲ್ಲಿ, ಅವರ ನೆಂಟರು ಜಗುಲಿಯಲ್ಲಿ. ಕೀಲಿ ಹಿಡಿದವರ ಮಾತು ಸಾಲದು, ಮಾಲೀಕರೊಡನೆ ಫೋನಿನಲ್ಲಿ ಮಾತಾಡಿ ದಿನಾಂಕಗಳನ್ನು ಖಚಿತಪಡಿಸಿಕೊಳ್ಳಿ. ಮೀನು, ಮಾಂಸದ ಅಡುಗೆಗೆ ಒಪ್ಪಿಗೆಯಿದೆಯೇ ಎಂಬುದನ್ನೂ ಆಗಲೇ ಕೇಳಿಬಿಡಿ. ಸಂಕೋಚಪಟ್ಟು ಸುಮ್ಮನಿದ್ದರೆ ಮೊದಲ ಬಂಗುಡೆಯ ದಿನವೇ ಜಗಳ.

ಹಂತ 7: ಕರಾರು

ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯವಲ್ಲ, ಆದರೂ ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಿ. ಮುಂಗಡ ಒಂದು ತಿಂಗಳಿನದು, ಹೆಚ್ಚೆಂದರೆ ಎರಡು. ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳದ್ದು ಕೇಳಿದರೆ ನಮಸ್ಕಾರ ಹೇಳಿ ಹೊರಡಿ. ಬಂದ ದಿನ ಮತ್ತು ಬಿಡುವ ದಿನ, ಟ್ಯಾಂಕರ್ ಖರ್ಚು ಯಾರದ್ದು, ಪಂಪು ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು, ವಿದ್ಯುತ್ತಿಗೆ ಪ್ರತ್ಯೇಕ ಮೀಟರ್ ಇದೆಯೇ, ಇವು ಬರಹದಲ್ಲಿರಲಿ. ಹಿಂದಿನ ಬಿಲ್ಲು ನೋಡಿ ಬಾಕಿ ಇಲ್ಲವೆಂದು ಖಾತ್ರಿಮಾಡಿಕೊಳ್ಳಿ. ಅದರಲ್ಲಿರುವ ಆರ್‌ಆರ್ ಸಂಖ್ಯೆಯೇ ಆ ಸಂಪರ್ಕದ ಗುರುತು, ಬರೆದಿಟ್ಟುಕೊಳ್ಳಿ.

ಇನ್ನೊಂದು ಸಾಲು ನಗು ತರಿಸಿದರೂ ಸೇರಿಸಿ: ಹಿತ್ತಲಿನ ತೆಂಗು, ಮಾವು, ಹಲಸು ಯಾರಿಗೆ? ಹೆಚ್ಚಿನವರು ತೆಂಗನ್ನು ತಾವೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಕೊಡುತ್ತಾರೆ. ಕೇಳದೆ ಕಾಯಿ ಕಿತ್ತರೆ ಕಾಯಿಯ ಬೆಲೆಗಿಂತ ಮಾತಿನ ಬೆಲೆ ಹೆಚ್ಚಾಗುತ್ತದೆ.

ಹಂತ 8: ಬಂದ ಮೇಲೆ

ರೈಲಿನಲ್ಲಿ ಬರುವವರಿಗೆ ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ, ರಜೆಯ ಟಿಕೆಟ್ ಬೇಗ ಖಾಲಿಯಾಗುತ್ತದೆ. ಮರಳುವ ಟಿಕೆಟನ್ನೂ ಮರೆಯಬೇಡಿ.

ಸೊಳ್ಳೆ ಪರದೆ, ಹತ್ತಿಯ ಬಟ್ಟೆ, ಟಾರ್ಚು ತನ್ನಿ. ತರಕಾರಿಯಲ್ಲಿ ಘಟ್ಟದ ಮೇಲಿನಿಂದ ಬರುವ ಹೂಕೋಸು, ಕ್ಯಾರೆಟ್ ಹುಡುಕಬೇಡಿ. ಬಸಳೆ, ಹರಿವೆ, ಮಂಗಳೂರು ಸೌತೆ, ಹಲಸು ಇಲ್ಲಿನ ಬೇಸಿಗೆಯ ಅಗ್ಗದ ಊಟ. ಕುಚ್ಚಲಕ್ಕಿ ಗಂಜಿಗೆ ನಾಲಗೆ ಒಗ್ಗಿದರೆ ಸೆಕೆಯ ಅರ್ಧ ಭಾರ ಇಳಿಯುತ್ತದೆ. ಮನರಂಜನೆಗೆ ದುಡ್ಡು ಬೇಡ: ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ವಾರ ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವವರೆಗೆ, ಹರಕೆಯ ಬಯಲಾಟಗಳಿಗೆ ಪ್ರವೇಶ ಉಚಿತ.

ಕಡಲಿಗೆ ಇಳಿಯುವ ಮೊದಲು ಅಲ್ಲಿಯ ಮೀನುಗಾರರನ್ನು ಕೇಳಿ. ಮೇ ನಡುವಿನಿಂದ ಅಲೆಯ ಸ್ವಭಾವ ಬದಲಾಗುತ್ತದೆ, ನೀರೊಳಗಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಆಸೆಯಿದ್ದರೆ ಅದಕ್ಕೆ ಮೊದಲೇ ಮುಗಿಸಿಕೊಳ್ಳಿ. ಸಂಜೆ ಗುಡುಗು ಶುರುವಾದರೆ ಟಿವಿ, ಫ್ರಿಜ್, ವೈಫೈ ಪೆಟ್ಟಿಗೆಯ ಪ್ಲಗ್ ಕಿತ್ತಿಡಿ. ಮುಂಗಾರುಪೂರ್ವದ ಸಿಡಿಲಿಗೆ ಇಲ್ಲಿ ಪ್ರತಿ ಬೇಸಿಗೆ ಉಪಕರಣಗಳು ಸುಡುತ್ತವೆ.

ಮನೆ ಸೇರಿದ ದಿನವೂ ಬಿಡುವ ದಿನವೂ ವಿದ್ಯುತ್ ಮೀಟರಿನ ಚಿತ್ರ ತೆಗೆದು ಮಾಲೀಕರಿಗೆ ಕಳುಹಿಸಿ. ಬಾವಿಯ ನೀರು ಹಗ್ಗದಲ್ಲಿ ಎಷ್ಟು ಕೆಳಗಿತ್ತೆಂದು ಮೇ ಕೊನೆಗೆ ಅಳೆದು ದಿನಾಂಕದೊಡನೆ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಮನೆಗೆ ಹೆಚ್ಚು ಬಾಡಿಗೆ ಕೇಳಿದಾಗ ಆ ಪುಟ ತೆರೆದು ಮಾತಿಗೆ ಕೂರಬಹುದು.